ಅತ್ತಿಗೆಯ ಬೆಂಚಿಗೆ ಮತ್ತೆ ಮತ್ತೆ ಬಂದ ಕಾರು

ಗ್ಯಾರೇಜುಗಳ ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಅತ್ತಿಗೆ ಎಂದೇ. ನಿಜಕ್ಕೂ ಅವಳು ಅತ್ತಿಗೆಯಾಗಿದ್ದು ಒಬ್ಬನಿಗೆ ಮಾತ್ರ. ಅವನು ಮುಂದಿನ ಶೆಡ್ಡಿನಲ್ಲಿ ಎಂಜಿನ್ ಬಿಚ್ಚುವ ಮೆಕ್ಯಾನಿಕ್, ಅವಳ ಗಂಡನ ತಮ್ಮ. ಅವನು ಕರೆದದ್ದನ್ನು ಕೇಳಿ ಟೈರಿನವನು ಕರೆದ, ವೆಲ್ಡಿಂಗಿನವನು ಕರೆದ, ಆಮೇಲೆ ಅವಳ ತಂದೆಯ ವಯಸ್ಸಿನ ಲಾರಿ ಮಾಲೀಕರೂ ಕರೆಯತೊಡಗಿದರು. "ಬೀದಿಗೆಲ್ಲ ಅತ್ತಿಗೆಯಾದೆ, ಒಬ್ಬ ಮೈದುನನಾದರೂ ಒಂದು ಬಿಂದಿಗೆ ನೀರು ಎತ್ತಿಕೊಡಲ್ಲ" ಎಂದು ಅವಳೇ ನಗುತ್ತಿದ್ದಳು.

ಈ ಕೆಲಸಕ್ಕೆ ಅವಳು ಬಂದದ್ದು ಹೊಲಿಗೆಯಿಂದ. ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಕಾರ್ಖಾನೆ ಬಾಗಿಲು ಹಾಕಿತು. ಗಂಡ ದೂರದೂರಿಗೆ ಹೋಗುವ ಬಸ್ಸಿನ ಡ್ರೈವರ್. ಮನೆಯ ಮಂಚಕ್ಕಿಂತ ಸ್ಟೇರಿಂಗೇ ಅವನಿಗೆ ಹೆಚ್ಚು ಪರಿಚಯ. ಆಗ ಮೈದುನ, "ಸುಮ್ಮನೆ ಕೂತು ಏನ್ ಮಾಡ್ತೀರಾ ಅತ್ತಿಗೆ, ಬಂದು ಪಾರ್ಟ್ಸ್ ತೊಳೆದುಕೊಡಿ. ನಮ್ಮದು ಎಮ್ಮೆ ಕೈ, ಸಣ್ಣ ಕೆಲಸಕ್ಕೆ ಬಗ್ಗಲ್ಲ" ಎಂದ. ತೊಳೆಯಲು ಬಂದವಳು ಬಿಚ್ಚಲು ಕಲಿತಳು, ಬಿಚ್ಚಿದ್ದನ್ನು ಜೋಡಿಸಲು ಕಲಿತಳು. ಡೀಸೆಲ್ ಎಂಜಿನ್ನಿನ ಹೊಟ್ಟೆಗೆ ಎಣ್ಣೆಯನ್ನು ಮಂಜಿನ ಹಾಗೆ ಸಿಂಪಡಿಸುವ ಇಂಜೆಕ್ಟರ್ ಎಂಬುದು ಹೆಬ್ಬೆರಳ ದಪ್ಪದ, ಗೇಣುದ್ದದ ಸಾಧನ. ಅದರ ಮೂತಿಯ ತೂತುಗಳು ಕೂದಲೆಳೆಯಷ್ಟು ಸಪೂರ. ಒಳಗೆ ಮೇಲೆ ಕೆಳಗೆ ಆಡುವ ಒಂದು ಸೂಜಿ ಇರುತ್ತದೆ. ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದ ದಿನ ಅವಳು ಗಂಡನಿಗೆ ಫೋನ್ ಮಾಡಿ, "ನನ್ನ ಹಣೆಬರಹದಲ್ಲಿ ಸೂಜಿ ತಪ್ಪಲ್ಲ ನೋಡಿ. ದಾರ ಒಂದು ಬಿಟ್ಟುಹೋಯ್ತು, ಅಷ್ಟೇ" ಅಂದಿದ್ದಳು.

ಶೆಡ್ಡಿನ ಹಿಂದಿನ ಕೋಣೆ ಅವಳದು. ಚಪ್ಪಲಿ ಹೊರಗೆ ಬಿಡಬೇಕು. ಕಿಟಕಿ ತೆರೆಯುವಂತಿಲ್ಲ, ಧೂಳು ಬರುತ್ತದೆ. ಬಿಳಿ ಹಾಸಿನ ಮೇಜು, ಮೇಲೆ ಬಗ್ಗಿಸುವ ದೀಪ, ಭೂತಗನ್ನಡಿ, ಗೋಡೆಗೆ ಒತ್ತಿಕೊಂಡು ಟೆಸ್ಟ್ ಬೆಂಚು. ಇಂಜೆಕ್ಟರನ್ನು ಆ ಬೆಂಚಿಗೆ ಕೂರಿಸಿ ಒತ್ತಡ ಕೊಟ್ಟರೆ ಗಾಜಿನ ಹಿಂದೆ ಡೀಸೆಲ್ ಚಿಮ್ಮುತ್ತದೆ. ಚೆನ್ನಾಗಿದ್ದರೆ ಬೆಳಗಿನ ಉಸಿರಿನಂಥ ಮಂಜು. ಕೆಟ್ಟಿದ್ದರೆ ಮುರಿದ ನಲ್ಲಿಯ ಪಿಚಕಾರಿ. ನೋಡಿ, ಕೇಳಿ, ಬೆರಳ ತುದಿಯಲ್ಲಿ ಮುಟ್ಟಿ ಅವಳು ತೀರ್ಪು ಕೊಡುತ್ತಿದ್ದಳು. ಅವಳ ಕೈ ದಾಟಿದ್ದು ಮತ್ತೆ ಅವಳ ಮೇಜಿಗೆ ಬರುವುದಿಲ್ಲ ಎಂಬ ಮಾತು ಬೀದಿಯಲ್ಲಿತ್ತು. ಅದನ್ನು ಅವಳು ಎಂದೂ ಬಾಯಿಬಿಟ್ಟು ಆಡಿಕೊಂಡವಳಲ್ಲ. ಆದರೆ ಒಳಗೊಳಗೇ ಅದರ ಮೇಲೆ ಮನೆ ಕಟ್ಟಿಕೊಂಡಿದ್ದಳು.

ಆ ಮನೆಯ ಗೋಡೆ ಬಿರುಕು ಬಿಟ್ಟದ್ದು ಸಿಸ್ಟರಿನ ಕಾರಿನಿಂದ.

ಸಿಸ್ಟರ್ ಎಂದರೆ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ನಡುವಯಸ್ಸು, ಗಟ್ಟಿ ದನಿ, ಕಾರಿನ ಹಿಂದಿನ ಸೀಟಿನ ತುಂಬ ಬ್ಯಾಂಡೇಜಿನ ಪೆಟ್ಟಿಗೆಗಳು. ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲು ಸತಾಯಿಸುತ್ತದೆ, ನಿಂತಲ್ಲಿ ನಡುಗುತ್ತದೆ, ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತದೆ ಎಂದು ತಂದಳು. ಮೈದುನ ಇಂಜೆಕ್ಟರುಗಳನ್ನು ಕಳಚಿ ಹಿಂದಿನ ಕೋಣೆಗೆ ಕಳಿಸಿದ. ನಾಲ್ಕರಲ್ಲಿ ಎರಡರ ಮೂತಿ ಕಟ್ಟಿತ್ತು. ಅತ್ತಿಗೆ ತೊಳೆದು, ಸರಿಪಡಿಸಿ, ಬೆಂಚಿಗೆ ಹಾಕಿ ಮಂಜು ನೋಡಿ ಕಳಿಸಿದಳು. ಕಾರು ಬೆಣ್ಣೆಯಂತೆ ಓಡಿತು.

ಎರಡು ತಿಂಗಳಾಗುವಷ್ಟರಲ್ಲಿ ಅದೇ ನಡುಕ, ಅದೇ ಹೊಗೆ. ಈ ಸಲ ಅವಳು ಮೂತಿಗಳನ್ನೇ ಹೊಸದು ಹಾಕಿದಳು, ಡೀಸೆಲ್ ಫಿಲ್ಟರನ್ನೂ ಬದಲಿಸಲು ಹೇಳಿದಳು. ಅದೂ ಹೆಚ್ಚು ಕಾಲ ಬಾಳಲಿಲ್ಲ.

"ಅತ್ತಿಗೆ, ಕಣ್ಣು ಗಿಣ್ಣು ಮಂಜಾಗ್ತಿದೆಯಾ ಒಮ್ಮೆ ನೋಡಿಸ್ಕೊಳ್ಳಿ" ಎಂದ ಮೈದುನ, ನಗುತ್ತಲೇ. ಅವಳೂ ನಕ್ಕಳು. ಮಾರನೇ ದಿನವೇ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡಳು. ಡಾಕ್ಟರು ಓದಲು ಒಂದು ಸಣ್ಣ ನಂಬರಿನ ಕನ್ನಡಕ ಬರೆದುಕೊಟ್ಟು, "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ" ಅಂದರು. ಸಾಂತ್ವನಕ್ಕೆಂದು ಆಡಿದ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದಿನಿಂದ ಪ್ರತಿ ಇಂಜೆಕ್ಟರನ್ನೂ ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡತೊಡಗಿದಳು. ಬೇರೆಯವರ ಕೆಲಸವೂ ನಿಧಾನವಾಯಿತು.

ಮೂರನೇ ಸಲ ಕಾರು ಬಂದಾಗ ಮೈದುನ ಇಂಜೆಕ್ಟರುಗಳನ್ನು ಹಿಂದಿನ ಕೋಣೆಗೆ ಕಳಿಸಲೇ ಇಲ್ಲ. ಊರಿನ ಆ ತುದಿಯಲ್ಲಿರುವ ಇನ್ನೊಂದು ದೊಡ್ಡ ಬೆಂಚಿಗೆ ಕೊಟ್ಟು ತಂದ. ಅವಳಿಗೆ ಯಾರೂ ಹೇಳಲಿಲ್ಲ. ಶೆಡ್ಡಿನಲ್ಲಿ ನಡೆದುಹೋಗುವಾಗ ಇಂಜೆಕ್ಟರುಗಳ ಮೂತಿಗೆ ಹಾಕಿದ್ದ ನೀಲಿ ಟೋಪಿಗಳು ಕಣ್ಣಿಗೆ ಬಿದ್ದವು. ಅವಳು ಬಳಸುವುದು ಕೆಂಪು. ನಿಂತಳು, ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ಕೇಳಿದರೆ ಅವನು ಸುಳ್ಳು ಹೇಳಬೇಕಾಗುತ್ತದೆ, ಅದನ್ನು ನಂಬಿದಂತೆ ತಾನು ನಟಿಸಬೇಕಾಗುತ್ತದೆ. ಎರಡೂ ಬೇಡ ಅನ್ನಿಸಿತು.

ನೀಲಿ ಟೋಪಿಯವೂ ಕೆಟ್ಟವು. ಸುದ್ದಿ ಕಿವಿಗೆ ಬಿದ್ದಾಗ ಅತ್ತಿಗೆಗೆ ಮೊದಲು ಆದದ್ದು ಖುಷಿ, ಸುಳ್ಳೇಕೆ. ಅಬ್ಬ, ತಪ್ಪು ನನ್ನದಲ್ಲ ಎಂದು ಒಂದು ಉಸಿರು ಬಿಟ್ಟಳು. ಆದರೆ ಆ ಉಸಿರು ಪೂರ್ತಿ ಹೊರಬರುವ ಮೊದಲೇ ಸಿಸ್ಟರ್ ಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು.

"ಒಳಗೆ ಬರ್ಲಾ ಅತ್ತಿಗೆ?"

ಬಂದು ಸ್ಟೂಲಿನ ಮೇಲೆ ಕೂತಳು. ಗಟ್ಟಿ ದನಿ ಎಲ್ಲೋ ಹೋಗಿತ್ತು. ಒಬ್ಬ ಮುದುಕಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳುತ್ತಿದ್ದಳಂತೆ. ಕೊನೆಗಾಲ. ಹಿಂದೆ ಮುಂದೆ ಯಾರೂ ಇರಲಿಲ್ಲ. "ಸಾಯುವಾಗ ಒಬ್ಬಳೇ ಇರೋಕೆ ಹೆದರಿಕೆ ಕಣೇ" ಎಂದು ಆಕೆ ಕೈ ಹಿಡಿದಾಗ, "ನಾನಿರ್ತೀನಿ" ಎಂದು ಮಾತು ಕೊಟ್ಟಿದ್ದಳು. ಪಕ್ಕದ ಮನೆಯವರು ಫೋನ್ ಮಾಡಿದ ಮಧ್ಯಾಹ್ನ ಹೊರಟಳು. ಸೇತುವೆಯ ಏರಿನಲ್ಲಿ ಕಾರು ನಿಂತುಬಿಟ್ಟಿತು. ಇನ್ಯಾರದೋ ಗಾಡಿ ಹತ್ತಿ ತಲುಪುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು.

"ಕಾರನ್ನ ಬೈದು ಏನ್ ಪ್ರಯೋಜನ ಹೇಳಿ. ಆದ್ರೆ ಯಾಕೆ ಹೀಗಾಗುತ್ತೆ ಅಂತ ಯಾರೂ ಹೇಳ್ತಿಲ್ಲ. ಎಲ್ಲರೂ ರಿಪೇರಿ ಮಾಡ್ತಾರೆ, ಯಾರೂ ಕಾರಣ ಹೇಳಲ್ಲ."

ಅತ್ತಿಗೆಗೆ ತನ್ನ ಖುಷಿ ನೆನಪಾಗಿ ಮುಖ ಬಿಸಿಯಾಯಿತು. "ಈ ಸಲ ಗಾಡಿ ನನ್ನ ಹತ್ರ ಬಿಡಿ. ಬೇಗ ಕೊಡಿ ಅಂತ ಮಾತ್ರ ಕೇಳಬೇಡಿ" ಅಂದಳು.

ಮೈದುನನಿಗೂ ಅದನ್ನೇ ಹೇಳಿದಳು. ಅವನು ತಲೆ ಕೆರೆದುಕೊಂಡ. ನೀಲಿ ಟೋಪಿಯ ವಿಷಯ ಅವಳಿಗೆ ಗೊತ್ತು ಎಂದು ಅವನಿಗೂ ಗೊತ್ತಾಗಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ. "ನೀವು ಹೇಳಿದ ಹಾಗೆ ಬಿಚ್ಚಿಕೊಡ್ತೀನಿ" ಎಂದಷ್ಟೇ ಅಂದ.

ಇಷ್ಟು ದಿನ ಎಲ್ಲರೂ ಇಂಜೆಕ್ಟರಿಗೆ ಏನಾಗಿದೆ ಎಂದು ನೋಡುತ್ತಿದ್ದರು. ಅವಳು ಈಗ ಬೇರೆ ಕಡೆಯಿಂದ ಹಿಡಿದಳು. ಹೊಟ್ಟೆನೋವು ಎಂದು ಮತ್ತೆ ಮತ್ತೆ ಬರುವವನಿಗೆ ಮಾತ್ರೆ ಕೊಡುತ್ತಲೇ ಇದ್ದರೆ ಆಯಿತೇ, ಏನು ತಿನ್ನುತ್ತೀಯಪ್ಪಾ ಎಂದು ಕೇಳಬೇಡವೇ? ಹಳೇ ಫಿಲ್ಟರನ್ನು ಗರಗಸದಲ್ಲಿ ಕೊಯ್ಯಿಸಿ ಕಾಗದವನ್ನು ಬಿಡಿಸಿ ಹರಡಿದಳು. ಆಯಸ್ಕಾಂತ ಆಡಿಸಿದಳು. ಕಬ್ಬಿಣದ ಪುಡಿ ಇಲ್ಲ. ಅಂದರೆ ಒತ್ತಡ ಕೊಡುವ ಪಂಪು ಒಳಗೊಳಗೆ ಸವೆಯುತ್ತಿಲ್ಲ. ಟ್ಯಾಂಕನ್ನು ಇಳಿಸಿ ಬಗ್ಗಿಸಿದರು. ನೀರಿಲ್ಲ, ತುಕ್ಕಿಲ್ಲ, ಒಳಗೆ ಕನ್ನಡಿಯ ಹಾಗಿತ್ತು. ಇಷ್ಟು ಚೊಕ್ಕ ಡೀಸೆಲನ್ನು ತಾನು ನೋಡೇ ಇಲ್ಲ ಎಂದ ಮೈದುನ.

ಉಳಿದದ್ದು ಮೂತಿಯ ಮೇಲೆ ಕಟ್ಟಿದ್ದ ಕೊಳೆ. ಭೂತಗನ್ನಡಿಯ ಕೆಳಗೆ ಇಟ್ಟು ಎಷ್ಟೋ ಹೊತ್ತು ಕೂತಳು. ಡೀಸೆಲ್ ಸುಟ್ಟ ಮಸಿ ಕಪ್ಪಗಿರುತ್ತದೆ, ಉಗುರಿಗೆ ಜಿಡ್ಡು ಹತ್ತುತ್ತದೆ. ಇದು ತೂತಿನ ಅಂಚಿನಲ್ಲಿ ಬೂದುಬಿಳಿಯಾಗಿ, ಹಂಡೆಯ ಒಳಗೆ ಗಡಸು ನೀರು ಕಟ್ಟಿದ ಹಾಗೆ ಗಟ್ಟಿಯಾಗಿತ್ತು. ಕಾರು ಮೊದಲ ಸಲ ಬಂದಾಗಲೇ ಇದನ್ನು ನೋಡಿದ್ದಳು. ಕೊಳೆ ಎಂದರೆ ಕೊಳೆ ಎಂದು ತೊಳೆದುಹಾಕಿದ್ದಳು. ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ.

"ಡೀಸೆಲ್ ಎಲ್ಲಿ ಹಾಕಿಸ್ತೀರಿ ಸಿಸ್ಟರ್?"

"ಸೇತುವೆ ಪಕ್ಕದ ಬಂಕಿನದ್ದೇ."

ಅರ್ಧ ಊರು ಅಲ್ಲೇ ಹಾಕಿಸುತ್ತದೆ. ಮೈದುನನ ಗಾಡಿಯೂ ಅಲ್ಲಿಯದೇ ಎಣ್ಣೆ ಕುಡಿಯುತ್ತದೆ, ಏನೂ ಆಗಿಲ್ಲ.

"ಈ ತೊಂದರೆ ಶುರುವಾಗಿದ್ದು ಯಾವಾಗ? ಕಾರು ಕೊಂಡಾಗಿನಿಂದಲಾ?"

ಸಿಸ್ಟರ್ ಯೋಚಿಸಿದಳು. "ಇಲ್ಲ, ಮೊದಲೆಲ್ಲ ಚೆನ್ನಾಗಿತ್ತು. ಅಪ್ಪ ನಮ್ಮ ಮನೆಗೆ ಬಂದ ಮೇಲೆ ಅನ್ನಿಸುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಲ ನೆನಪಾಗೋಕೆ ಹೇಳ್ದೆ."

ಸಂಬಂಧ ಇದೆಯೋ ಇಲ್ಲವೋ ಅತ್ತಿಗೆಗೂ ಗೊತ್ತಿರಲಿಲ್ಲ. ತಾತ್ಕಾಲಿಕವಾಗಿ ತೊಳೆದ ಇಂಜೆಕ್ಟರುಗಳನ್ನು ಕೂರಿಸಿ, "ನಾನೂ ನಿಮ್ಮ ಜೊತೆ ಒಂದು ಸುತ್ತು ಬರ್ತೀನಿ, ಗಾಡಿ ದಾರಿಯಲ್ಲಿ ಏನು ಮಾಡುತ್ತೆ ನೋಡ್ಬೇಕು" ಎಂದು ಹತ್ತಿಕೊಂಡಳು. ಸಿಸ್ಟರ್ ಪೆಟ್ಟಿಗೆಯೊಂದನ್ನು ಮರೆತಿದ್ದರಿಂದ ಮೊದಲು ಮನೆಗೆ ಹೋಗಬೇಕಾಯಿತು.

ಅಂಗಳದಲ್ಲಿ ಕಾರಿನ ಸದ್ದು ಕೇಳಿದ್ದೇ ತಡ, ಅಪ್ಪ ಹೊರಗೆ ಬಂದರು. ತೆಳ್ಳಗಿನ ಎತ್ತರದ ಮನುಷ್ಯ, ತೋಳು ಮಡಚಿದ ಅಂಗಿ. ನದಿ ದಾಟಿಸುವ ಲಾಂಚಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದರು. ಅವರ ಕೈಯಲ್ಲಿ ಕೈಪಂಪಿನ ಪೈಪು ಇತ್ತು.

"ಬಂದ್ಯಾ? ಟ್ಯಾಂಕಿನ ಮುಚ್ಚಳ ತೆಗಿ, ಹಾಗೇ ತುಂಬಿಸಿಬಿಡ್ತೀನಿ."

ಅತ್ತಿಗೆ ಬಾಗಿಲು ತೆರೆದು ಇಳಿದಳು. ಅಂಗಳದ ಮೂಲೆಯಲ್ಲಿ ತಗಡಿನ ನೆರಳಿನ ಕೆಳಗೆ ಒಂದು ಡ್ರಮ್ಮು, ಒರೆಸಿ ಒರೆಸಿ ಫಳಫಳ ಹೊಳೆಯುತ್ತ ನಿಂತಿತ್ತು.

"ಇವರು ಇಂಜೆಕ್ಟರ್ ಮಾಡೋ ಅತ್ತಿಗೆ, ಅಪ್ಪಾ."

"ಓಹೋ! ಬನ್ನಿ ಬನ್ನಿ, ನೋಡಿ." ತಮ್ಮ ಕಸುಬಿನ ಮಾತು ತಿಳಿಯುವವರು ಸಿಕ್ಕರೆಂದು ಯಜಮಾನರ ಮುಖ ಅರಳಿತು. "ಬಂಕಿನ ಡೀಸೆಲನ್ನ ನೇರ ಟ್ಯಾಂಕಿಗೆ ಹಾಕಬಾರದಮ್ಮ. ಅದರಲ್ಲಿ ನೀರಿರುತ್ತೆ. ನಾನು ಕ್ಯಾನಿನಲ್ಲಿ ತರಿಸಿ ಇದರಲ್ಲಿ ತಂಗಿಸ್ತೀನಿ. ಕೊಳೆಯೆಲ್ಲ ತಳಕ್ಕೆ ಹೋಗುತ್ತೆ. ಮೇಲಿನದನ್ನ ಮಾತ್ರ ಎತ್ತಿ, ಬಟ್ಟೆಯಲ್ಲಿ ಸೋಸಿ ಹಾಕ್ತೀನಿ. ಈ ಡ್ರಮ್ಮು ನಮ್ಮ ಲಾಂಚಿನದು. ನಾನು ಬಿಟ್ಟು ಬರೋವಾಗ ಇದನ್ನ ಕೊಡಿ ಸಾಕು ಅಂತ ಕೇಳಿ ತಂದೆ."

ಮುಚ್ಚಳ ತೆಗೆದು ತೋರಿಸಿದರು. ಅತ್ತಿಗೆ ಬಗ್ಗಿ ನೋಡಿದಳು. ಒಳಗೋಡೆಯ ಮೇಲೆ ಹೂವಿನ ಚಿತ್ತಾರದಂಥ ಬೂದುಬಣ್ಣದ ಹೊಳಪು. ನೀರಿನ ಬಕೀಟಿಗೆ, ಚಾವಣಿಯ ತಗಡಿಗೆ ತುಕ್ಕು ಹಿಡಿಯದ ಹಾಗೆ ಬಳಿಯುವ ಸತುವಿನ ಲೇಪ. ಡೀಸೆಲ್ ತಾಗುವ ಮಟ್ಟದ ಕೆಳಗೆ ಆ ಹೊಳಪು ಮಾಸಿತ್ತು. ಬಿಡಿಭಾಗದ ಕಂಪನಿಯವರು ಯಾವಾಗಲೋ ನಡೆಸಿದ ತರಬೇತಿಯಲ್ಲಿ ಒಬ್ಬರು, ಸತು ಬಳಿದ ಪಾತ್ರೆಯಲ್ಲಿ ಡೀಸೆಲ್ ಇಡಬೇಡಿ, ಅದು ಕರಗಿ ಬರುತ್ತದೆ ಎಂದು ಬೇರೇನನ್ನೋ ಹೇಳುತ್ತ ನಡುವೆ ಹೇಳಿದ್ದರು. ಯಾರು ಇಡುತ್ತಾರೆ ಎಂದು ಆಗ ಪಕ್ಕದವರೊಂದಿಗೆ ನಕ್ಕಿದ್ದಳು.

"ತುಂಬ ಚೊಕ್ಕಟವಾಗಿ ಇಟ್ಟಿದ್ದೀರಿ ಯಜಮಾನ್ರೇ" ಅಂದಳು. ಸುಳ್ಳಲ್ಲ ಅದು. "ಒಂದು ಬಾಟಲಿ ಕೊಡ್ತೀರಾ, ಪರೀಕ್ಷೆಗೆ?"

ಸಂತೋಷದಿಂದ ಕೊಟ್ಟರು. ಸುತ್ತು ಮುಗಿಸಿ ಗಾಡಿ ಮತ್ತೆ ಶೆಡ್ಡಿಗೇ ಬಂತು.

ಬಂಕಿನದೊಂದು, ಡ್ರಮ್ಮಿನದೊಂದು, ಎರಡು ಬಾಟಲಿ ಗಂಡನ ಬಸ್ಸು ಹತ್ತಿ ದೂರದ ಡಿಪೋದ ಎಣ್ಣೆ ಪರೀಕ್ಷೆಯ ಕೋಣೆಗೆ ಹೋದವು. ಕೆಲವು ದಿನಗಳ ಮೇಲೆ ಗಂಡ ಫೋನಿನಲ್ಲಿ, "ಒಂದು ಸರಿ ಇದೆಯಂತೆ. ಇನ್ನೊಂದರಲ್ಲಿ ಸತು ಇದೆ, ಇರಬಾರದಷ್ಟಿದೆ ಅಂದ್ರು. ಅದ್ಯಾರದು ಮಾರಾಯ್ತಿ, ವಿಷ ಕುಡಿಸ್ತಿರೋರು?" ಎಂದ.

"ವಿಷ ಅಂತ ಗೊತ್ತಿದ್ದು ಕುಡಿಸಿದ್ದಲ್ಲ" ಎಂದು ಅವಳು ಫೋನ್ ಇಟ್ಟಳು.

ಕಾರಣ ಸಿಕ್ಕಿತು. ಸಿಕ್ಕ ಮೇಲೆ ಅದನ್ನು ಎಲ್ಲಿ ಇಳಿಸಬೇಕು ಎಂದು ತಿಳಿಯದೆ ಅದು ಕೈಯಲ್ಲಿ ಸುಡತೊಡಗಿತು. ಮೈದುನನಿಗೆ ಅದು ದೊಡ್ಡ ವಿಷಯವೇ ಅಲ್ಲ. "ಡ್ರಮ್ಮು ತೂತಾಗಿದೆ, ಇನ್ಮೇಲೆ ಬೇಡ ಅಂತ ಏನಾದ್ರೂ ಹೇಳಿ ಮುಗಿಸಿ ಅತ್ತಿಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು." ಅವಳೂ ಹಾಗೇ ಅಂದುಕೊಂಡು ಒಂದು ದಿನ ಕಳೆದಳು. ಆದರೆ ತೋಳು ಮಡಚಿ ಪೈಪು ಹಿಡಿದ ಆ ಮನುಷ್ಯನ ಮುಖ ಕಣ್ಣ ಮುಂದೆ ಬರುತ್ತಿತ್ತು. ಜೀವಮಾನವೆಲ್ಲ ಎಂಜಿನ್ನಿನ ಪಕ್ಕ ಕಳೆದವರಿಗೆ ಎಂಜಿನ್ನಿನ ಬಗ್ಗೆ ಸುಳ್ಳು ಹೇಳುವುದೆಂದರೆ, ನೀವು ಇನ್ನು ಸತ್ಯಕ್ಕೆ ಲಾಯಕ್ಕಿಲ್ಲದ ಮುದುಕರಾದಿರಿ ಎಂದ ಹಾಗೆ. ಕಣ್ಣಿನ ಡಾಕ್ಟರು ತನಗೆ ಆಡಿದ ಮಾತು ಎಷ್ಟು ಚುಚ್ಚಿತ್ತು ಎಂದು ಅವಳಿಗೆ ಗೊತ್ತಿತ್ತು.

ಸಿಸ್ಟರ್ ಕೆಲಸಕ್ಕೆ ಹೋದ ಹೊತ್ತು ನೋಡಿ ಹೋದಳು. ಸುತ್ತಿ ಬಳಸದೆ ಹೇಳಿದಳು.

ಯಜಮಾನರು ಮೊದಲು ನಕ್ಕರು. ಆಮೇಲೆ ದನಿ ಏರಿತು. "ಇದೇ ಡ್ರಮ್ಮಿನ ಎಣ್ಣೆ ಕುಡಿದು ನನ್ನ ಎಂಜಿನ್ನು ವರ್ಷಗಟ್ಟಲೆ ನದಿ ದಾಟಿದೆ. ಒಂದು ದಿನ ಕೆಮ್ಮಿಲ್ಲ. ನೀವು ನನಗೆ ಡೀಸೆಲ್ ಹೇಳಿಕೊಡ್ತೀರಾ?"

"ಆ ಎಂಜಿನ್ನಿಗೆ ಏನೂ ಆಗ್ತಿರಲಿಲ್ಲ ಯಜಮಾನ್ರೇ. ಅದರ ಗಂಟಲು ದೊಡ್ಡದು. ಇವತ್ತಿನ ಇಂಜೆಕ್ಟರಿನ ತೂತು, ಒತ್ತಡ ಎರಡೂ ಬೇರೆ. ನಿಮ್ಮ ಪದ್ಧತಿ ತಪ್ಪಲ್ಲ. ಡ್ರಮ್ಮಿನ ಲೇಪ ತಪ್ಪು."

ಅವರು ಡ್ರಮ್ಮಿನ ಮುಚ್ಚಳ ತೆಗೆದು ಒಳಗೋಡೆಗೆ ಬೆರಳು ಉಜ್ಜಿ ನೋಡಿದರು. "ತೋರಿಸ್ತೀರಾ?" ಎಂದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೊಣಕಾಲು ಎಳೆಯುತ್ತ ಬಂದರು. ಹೇಳುವ ಮೊದಲೇ ಚಪ್ಪಲಿ ಹೊರಗೆ ಬಿಟ್ಟರು. ಭೂತಗನ್ನಡಿಯಲ್ಲಿ ಬೂದುಬಿಳಿ ಕಟ್ಟಿದ ಮೂತಿಯನ್ನು ನೋಡಿದರು, ಪಕ್ಕದಲ್ಲಿ ಹೊಸದನ್ನು ನೋಡಿದರು. ಬೆಂಚಿನ ಮೇಲೆ ಎರಡನ್ನೂ ಚಿಮ್ಮಿಸಿ ನೋಡಿದರು. ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು: ತಂಗಿಸಿದಷ್ಟೂ ಹೆಚ್ಚು ಕರಗುತ್ತದೆಯೇ, ತಳದಲ್ಲಿ ನೀರಿದ್ದರೆ ಇನ್ನೂ ಬೇಗವೇ? ಹೌದು, ಹೌದು ಎಂದಳು ಅತ್ತಿಗೆ. ಕೊನೆಗೆ ಸ್ಟೂಲಿನ ಮೇಲೆ ಕೂತು ಅಂಗೈ ನೋಡಿಕೊಂಡರು.

"ಹಾಗಾದ್ರೆ ಅವತ್ತು ಸೇತುವೆ ಮೇಲೆ ಅವಳನ್ನ ನಿಲ್ಲಿಸಿದ್ದು ನಾನೇ."

ಅತ್ತಿಗೆ ಬೆಂಚಿನ ಒತ್ತಡ ಇಳಿಸಿದಳು.

"ನನ್ನ ಮಗಳು ಬೆಳಗಿನಿಂದ ಸಂಜೆ ತನಕ ಊರಿನವರ ಸೇವೆ ಮಾಡ್ತಾಳೆ. ಮನೆಗೆ ಬಂದು ನಂದೂ ಮಾಡ್ತಾಳೆ. ನಾನು ಅವಳಿಗೆ ಮಾಡ್ತಿದ್ದದ್ದು ಇದೊಂದೇ." ಎದ್ದು ನಿಂತರು. "ನೀವು ಹೇಳಬೇಡಿ. ನಾನೇ ಹೇಳ್ತೀನಿ."

ಹೊಸ ಮೂತಿ ಹಾಕಿದ ಕಾರು ಒಯ್ಯಲು ಸಿಸ್ಟರ್ ಬಂದಳು. ಕಾರಣ ಗೊತ್ತಾಯಿತಾ ಎಂದು ಕೇಳಿದಳು.

"ಗೊತ್ತಾಯ್ತು. ಇನ್ನು ಬಂಕಿನಿಂದ ನೇರ ಟ್ಯಾಂಕಿಗೇ ಹಾಕಿಸಿ. ಉಳಿದದ್ದು ಅಪ್ಪ ಹೇಳ್ತಾರೆ."

"ಅಪ್ಪನಾ?" ಸಿಸ್ಟರ್ ಅವಳ ಮುಖವನ್ನೇ ನೋಡಿದಳು. ಕಾಯಿಲೆಯವರ ಮನೆಗಳಲ್ಲಿ ಅರ್ಧ ಮಾತಿನಿಂದ ಪೂರ್ತಿ ಅರ್ಥ ಮಾಡಿಕೊಂಡು ರೂಢಿ ಇದ್ದವಳು. ಕೀಲಿ ತೆಗೆದುಕೊಂಡು ಹೋದಳು.

ಆಮೇಲೆ ಬಹಳ ದಿನ ಸುದ್ದಿಯಿಲ್ಲ. ತಾನು ಮಾಡಿದ್ದು ಸರಿಯೇ ಎಂದು ಅತ್ತಿಗೆ ಪಾತ್ರೆ ತಿಕ್ಕುವಾಗ, ಬಟ್ಟೆ ಒಣಹಾಕುವಾಗ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ರಜೆಗೆ ಬಂದ ಗಂಡನನ್ನೂ ಕೇಳಿದಳು. ಅವನು ಕಾಲು ಚಾಚಿಕೊಂಡು, "ನಂಗೇನ್ ಗೊತ್ತು, ನಾನು ಬಾಟಲಿ ಸಾಗಿಸಿದವನು" ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ, "ನಂಗೆ ವಯಸ್ಸಾದ ಮೇಲೆ ನೀನು ಸುಳ್ಳು ಹೇಳಬೇಡ" ಅಂದ.

ಅಷ್ಟರಲ್ಲಿ ಮೈದುನ ಒಂದು ಬೆಳಿಗ್ಗೆ ಎಲ್ಲರ ಮುಂದೆ, "ಯಾವ ಇಂಜೆಕ್ಟರೂ ಇನ್ಮೇಲೆ ಈ ಬಾಗಿಲು ದಾಟಿ ಬೇರೆ ಕಡೆ ಹೋಗಲ್ಲ" ಎಂದು ಜೋರಾಗಿ ಹೇಳಿದ. ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ. ಇದು ಅದೇ ಎಂದು ಅವಳು ತಿಳಿದುಕೊಂಡಳು.

ಕೊನೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಲು ಸಿಸ್ಟರಿನ ಕಾರು ಬಂತು. ಹೊಗೆಯಿಲ್ಲ, ನಡುಕವಿಲ್ಲ. ಸಿಸ್ಟರ್ ಹಿಂದಿನ ಕೋಣೆಗೆ ಬಂದು ಚಹಾ ಕುಡಿಯುತ್ತ ಹೇಳಿದಳು. ಅಪ್ಪ ಊಟದ ಮೇಜಿನ ಮೇಲೆ ಹಳೇ ಇಂಜೆಕ್ಟರ್ ಇಟ್ಟು ಮೊದಲಿನಿಂದ ಕೊನೆಯವರೆಗೂ ವಿವರಿಸಿದರಂತೆ, ಒಂದು ಮಾತೂ ಬಿಡದೆ.

"ನಂಗೆ ಸಿಟ್ಟು ಬಂತು ಅತ್ತಿಗೆ. ಅಪ್ಪ ತಾನೇ, ಹೋಗಲಿ ಅನ್ನೋಕೆ ಆಗ್ಲಿಲ್ಲ. ಆ ಮುದುಕಿ ಬಾಗಿಲ ಕಡೆ ನೋಡ್ತಾ ಇದ್ದಳಂತೆ. ಎಷ್ಟೋ ದಿನ ಊಟ ಬಡಿಸಿದೆ, ಮಾತಾಡಲಿಲ್ಲ. ಅವರೂ ಸಮಾಧಾನ ಮಾಡೋಕೆ ಬರ್ಲಿಲ್ಲ. ಡ್ರಮ್ಮನ್ನ ಗುಜರಿಗೆ ಕೊಟ್ಟುಬಿಟ್ಟರು." ಲೋಟ ಕೆಳಗಿಟ್ಟಳು. "ಈಗ ಮಾತಾಡ್ತೀವಿ. ಮೊದಲಿನ ಹಾಗಾ ಅಂದ್ರೆ, ಇಲ್ಲ. ಆದ್ರೆ ದಿನಾ ನನ್ನ ಜೊತೆ ಕಾರಲ್ಲಿ ಬರ್ತಾರೆ. ಪಕ್ಕದಲ್ಲಿ ಕೂತು ಎಂಜಿನ್ ಕೇಳಬೇಕಂತೆ. ನಾನು ಒಳಗೆ ಕೆಲಸ ಮಾಡೋವಾಗ ಹೊರಗೆ ಜಗಲಿಯಲ್ಲಿ ಮನೆಯವರ ಹತ್ರ ಮಾತಾಡ್ತಾ ಇರ್ತಾರೆ. ಕಾಯಿಲೆಯವರಿಗಿಂತ ಕಾಯಿಲೆಯವರ ಮನೆಯವರಿಗೆ ಅವರು ಬೇಕಾಗಿಬಿಟ್ಟಿದ್ದಾರೆ."

ಅತ್ತಿಗೆ ಶೆಡ್ಡಿಗೆ ಬಂದಳು. ಯಜಮಾನರು ಕಾರಿನ ಮುಂದಿನ ಸೀಟಿನಲ್ಲೇ ಕೂತಿದ್ದರು, ಕಿಟಕಿ ಇಳಿಸಿ, ತಲೆ ಸ್ವಲ್ಪ ವಾಲಿಸಿ. ಎಂಜಿನ್ನು ಓಡುತ್ತಿತ್ತು.

"ಬನ್ನಿ, ಇಲ್ಲಿ ಕೇಳಿ" ಎಂದರು. "ಮೂರನೇ ಇಂಜೆಕ್ಟರಿನಲ್ಲಿ ಸಣ್ಣಗೆ ಟಿಕ್ ಅನ್ನುತ್ತೆ."

ಅವಳು ಬಗ್ಗಿ ಕೇಳಿದಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿದಳು. ನಾಲ್ಕೂ ಒಂದೇ ಸಮ ಬಡಿಯುತ್ತಿದ್ದವು. ಟಿಕ್ ಎಲ್ಲೂ ಇರಲಿಲ್ಲ.

"ಏನಿಲ್ಲ ಯಜಮಾನ್ರೇ. ಚೆನ್ನಾಗಿದೆ."

"ಇರಬಹುದು." ಅವರು ತಲೆಯಾಡಿಸಿದರು. ತಲೆ ವಾಲಿದ್ದು ಮಾತ್ರ ನೆಟ್ಟಗಾಗಲಿಲ್ಲ. "ಇನ್ನೊಂದ್ಸಲ ಕೇಳ್ತೀರಾ?"

ಮೈದುನ ಅತ್ತ ಹಾಯುವಾಗ ಅತ್ತಿಗೆಗೆ ಕಣ್ಣು ಮಿಟುಕಿಸಿದ. ಅವಳು ಅವನತ್ತ ನೋಡಲಿಲ್ಲ. ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ, ಮೂರನೆಯದಕ್ಕೆ ತಾಗಿಸಿ, ಕಣ್ಣು ಮುಚ್ಚಿಕೊಂಡು ಮತ್ತೆ ಕೇಳತೊಡಗಿದಳು.